ಮೂತ್ರಾಂಗಗಳು: ನಾವು ಮಾತಾಡಲು ನಾಚುವ ಒಂದು ವಿಷಯ
(ದೇಗಾಂವದಲ್ಲಿ ವಿದ್ಯಾರ್ಥಿಗಳು ಹಾಗೂ ಪಾಲಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಹೃದಯದ ಬಗ್ಗೆ ಮಾತನಾಡಿ ಎಂದರೆ ಎಲ್ಲರೂ ಕಿವಿಗೊಡುತ್ತಾರೆ. ಮೂತ್ರದ ಬಗ್ಗೆ ಎಂದರೆ ಹಿಂದಿನ ಸಾಲಿನಲ್ಲಿ ನಗು, ಮುಂದಿನ ಸಾಲಿನಲ್ಲಿ ಸಂಕೋಚ. ನಗುವವರು ನಗಲಿ. ಆದರೆ ಈ ಸಂಕೋಚದಿಂದಾಗಿಯೇ ಎಷ್ಟೋ ಜನ ತಡವಾಗಿ ಆಸ್ಪತ್ರೆಗೆ ಬರುತ್ತಾರೆ. ಆದ್ದರಿಂದ ಇಂದು ನಾಚಿಕೆಯನ್ನು ಸ್ವಲ್ಪ ಹೊತ್ತು ಬದಿಗಿಡೋಣ.

ಮೊದಲು ರಚನೆ. ನಮ್ಮ ಮೂತ್ರಾಂಗ ವ್ಯೂಹದಲ್ಲಿ ಎರಡು ಮೂತ್ರಪಿಂಡಗಳು, ಎರಡು ಮೂತ್ರನಾಳಗಳು, ಒಂದು ಮೂತ್ರಕೋಶ ಮತ್ತು ಮೂತ್ರ ಹೊರಹೋಗುವ ಒಂದು ನಾಳ ಇವೆ. ಮೂತ್ರಪಿಂಡ, ಅಂದರೆ ಕಿಡ್ನಿ, ಹುರುಳಿ ಕಾಳಿನ ಆಕಾರದ್ದು. ಉದ್ದ ಸುಮಾರು 11 ಸೆಂ.ಮೀ., ತೂಕ ಸುಮಾರು 150 ಗ್ರಾಂ. ಅಂದರೆ ನಿಮ್ಮ ಮುಷ್ಟಿಯಷ್ಟು. ಇವು ಹೊಟ್ಟೆಯ ಹಿಂಭಾಗದಲ್ಲಿ, ಬೆನ್ನುಮೂಳೆಯ ಎರಡೂ ಬದಿಗೆ ಇವೆ. ಬಲಗಡೆ ಯಕೃತ್ತು ಇರುವುದರಿಂದ ಬಲ ಮೂತ್ರಪಿಂಡ ತುಸು ಕೆಳಗಿರುತ್ತದೆ.

ಪ್ರತಿ ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ನೆಫ್ರಾನ್ ಎಂದರೆ ಒಂದು ಅತಿ ಸೂಕ್ಷ್ಮ ಜರಡಿ ಮತ್ತು ಅದಕ್ಕೆ ಸೇರಿದ ಒಂದು ಸುರುಳಿ ನಳಿಕೆ. ನಿಮಿಷಕ್ಕೆ ಒಂದು ಲೀಟರಿಗಿಂತ ಹೆಚ್ಚು ರಕ್ತ ಎರಡೂ ಮೂತ್ರಪಿಂಡಗಳಿಗೆ ಬರುತ್ತದೆ. ದೇಹದಲ್ಲಿರುವುದೇ ಸುಮಾರು 5 ಲೀಟರ್ ರಕ್ತ. ಐದು ನಿಮಿಷ ಮುಗಿಯುವುದರೊಳಗೆ ಅಷ್ಟು ಪ್ರಮಾಣದ ರಕ್ತ ಈ ಎರಡು ಮುಷ್ಟಿಗಳನ್ನು ಹಾದುಹೋಗಿರುತ್ತದೆ!

ಈಗ ಒಂದು ಲೆಕ್ಕ ಮಾಡಿ. ಜರಡಿಯ ಮೂಲಕ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಲ್ಪಡುತ್ತದೆ. ಆದರೆ ನಾವು ಹೊರಹಾಕುವ ಮೂತ್ರ ಸುಮಾರು ಒಂದೂವರೆ ಲೀಟರ್. ಉಳಿದದ್ದು ಎಲ್ಲಿ ಹೋಯಿತು? ಸುರುಳಿ ನಳಿಕೆಗಳು ನೀರು, ಸಕ್ಕರೆ, ಬೇಕಾದ ಲವಣಗಳನ್ನು ಮರಳಿ ರಕ್ತಕ್ಕೆ ಕೊಟ್ಟವು. ಯೂರಿಯಾದಂಥ ಕಸ ಹೆಚ್ಚಾಗಿ ಹೊರಗೆ ಹೋಯಿತು. ಮನೆಯಲ್ಲಿ ಅವ್ವ ಮೊರದಲ್ಲಿ ಕಾಳು ಕೇರುವಾಗ ಹೊಟ್ಟನ್ನು ಹಾರಿಸಿ ಕಾಳನ್ನು ಉಳಿಸಿಕೊಳ್ಳುತ್ತಾಳಲ್ಲ, ಹಾಗೆ.

ತಯಾರಾದ ಮೂತ್ರ ಸುಮಾರು 25 ಸೆಂ.ಮೀ. ಉದ್ದದ ಮೂತ್ರನಾಳಗಳಲ್ಲಿ ಇಳಿದು ಮೂತ್ರಕೋಶದಲ್ಲಿ ಸಂಗ್ರಹವಾಗುತ್ತದೆ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಯ ನೀರು ನಿಲ್ಲುವುದನ್ನು ನೀವು ನೋಡಿದ್ದೀರಿ. ಮೂತ್ರಕೋಶವೂ ಅಂಥದೇ ಒಂದು ಜಲಾಶಯ. ಸುಮಾರು 400 ರಿಂದ 500 ಮಿ.ಲೀ. ಹಿಡಿಯುತ್ತದೆ. ಅರ್ಧ ತುಂಬುವ ಮೊದಲೇ ಮೆದುಳಿಗೆ ಸುದ್ದಿ ಹೋಗುತ್ತದೆ. ಗೇಟು ತೆರೆಯುವುದು ನಮ್ಮ ಇಚ್ಛೆಗೆ ಬಿಟ್ಟದ್ದು.

ಕಸ ತೆಗೆಯುವುದಷ್ಟೇ ಮೂತ್ರಪಿಂಡದ ಕೆಲಸವಲ್ಲ. ರಕ್ತದೊತ್ತಡವನ್ನು ಹತೋಟಿಯಲ್ಲಿಡಲು ಅದು ರೆನಿನ್ ಬಿಡುತ್ತದೆ. ಕೆಂಪು ರಕ್ತಕಣಗಳು ಹುಟ್ಟಲು ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನು ಕೊಡುತ್ತದೆ. ಎಲುಬಿಗೆ ಬೇಕಾದ ಡಿ ಜೀವಸತ್ವವನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುತ್ತದೆ. ಆದ್ದರಿಂದಲೇ ಮೂತ್ರಪಿಂಡ ಕೆಟ್ಟವರಲ್ಲಿ ರಕ್ತಹೀನತೆ, ಏರಿದ ಬಿ.ಪಿ., ಎಲುಬಿನ ತೊಂದರೆ ಕಾಣಿಸುತ್ತವೆ.

ಮಿತ್ರರೆ, ಭಯಪಡಬೇಕಾದ ಮಾತು ಈಗ ಬರುತ್ತದೆ. ಮೂತ್ರಪಿಂಡ ಮೂಕ ಅಂಗ. ಅರ್ಧ ಶಕ್ತಿ ಕಳೆದುಕೊಂಡರೂ ಬಹಳ ಸಲ ನೋವಿಲ್ಲ, ಜ್ವರವಿಲ್ಲ. ಮುಖ ಊದಿಕೊಂಡು, ಕಾಲು ಬಾತು, ಊಟ ಸೇರದೆ ವಾಂತಿ ಶುರುವಾದಾಗ ಬಹಳಷ್ಟು ಕೆಲಸ ಕೆಟ್ಟಿರುತ್ತದೆ. ಇದಕ್ಕೆ ಮುಖ್ಯ ಕಾರಣಗಳು ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ. ಇವೆರಡರಲ್ಲಿ ಒಂದಿದ್ದವರು ವರ್ಷಕ್ಕೊಮ್ಮೆಯಾದರೂ ಮೂತ್ರದಲ್ಲಿ ಅಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಲೇಬೇಕು.

ಇನ್ನೊಂದು ಕಾರಣ ನಮ್ಮ ಹೊಲದಲ್ಲೇ ಇದೆ. ಕಬ್ಬು ಕಡಿಯುವವರು ಬಿಸಿಲಲ್ಲಿ ದಿನವಿಡೀ ಬೆವರು ಸುರಿಸುತ್ತಾರೆ, ನೀರು ಕುಡಿಯುವುದು ಕಡಿಮೆ. ಸಂಜೆ ಮೈಕೈ ನೋವೆಂದು ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುತ್ತಾರೆ. ದೇಹ ಒಣಗಿರುವಾಗ ಡೈಕ್ಲೊಫೆನಾಕ್‌ನಂಥ ಗುಳಿಗೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಒಂದು ದಿನವಲ್ಲ, ಇದು ರೂಢಿಯಾದರೆ ಅಪಾಯ. ನೀರು ಕಡಿಮೆಯಾದರೆ ಹರಳು ಕಟ್ಟುವುದೂ ಹೆಚ್ಚು. ನಿಮ್ಮ ಮೂತ್ರದ ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸರಿ. ಗಾಢವಾಗಿದ್ದರೆ ದೇಹ ನೀರು ಕೇಳುತ್ತಿದೆ ಎಂದರ್ಥ. ಕೆಂಪಾಗಿದ್ದರೆ ವೈದ್ಯರಲ್ಲಿಗೆ ನಡೆಯಿರಿ. ಹೃದಯ ಅಥವಾ ಮೂತ್ರಪಿಂಡದ ರೋಗ ಈಗಾಗಲೇ ಇದ್ದವರು ಮಾತ್ರ ವೈದ್ಯರು ಹೇಳಿದಷ್ಟೇ ನೀರು ಕುಡಿಯಬೇಕು.

ಈಗ ಹಿರಿಯರಿಗೆ ಒಂದು ಪ್ರಶ್ನೆ. ನಿಮ್ಮ ಮಗಳು ಬೆಳಿಗ್ಗೆ ತುಂಬಿಸಿಕೊಂಡು ಹೋದ ನೀರಿನ ಬಾಟಲಿ ಸಂಜೆ ಹಾಗೆಯೇ ಮರಳಿ ಬರುತ್ತದೆಯೆ? ಕೇಳಿ ನೋಡಿ. ಶೌಚಾಲಯ ಹೊಲಸಾಗಿದೆ, ಬಾಗಿಲಿಗೆ ಚಿಲಕವಿಲ್ಲ, ಒಂದಕ್ಕೆ ಹೋಗಬೇಕಾಗುತ್ತದೆಂದು ನೀರೇ ಕುಡಿಯುವುದಿಲ್ಲ ಎಂದು ಹೇಳಬಹುದು. ಹೆಣ್ಣುಮಕ್ಕಳಲ್ಲಿ ಮೂತ್ರ ಹೊರಹೋಗುವ ನಾಳ ಕೇವಲ 4 ಸೆಂ.ಮೀ. ಉದ್ದ, ಗಂಡಸರಲ್ಲಿ ಸುಮಾರು 20 ಸೆಂ.ಮೀ. ಆದ್ದರಿಂದ ಅವರಿಗೆ ಸೋಂಕು ಬೇಗ ತಗಲುತ್ತದೆ. ತಾಸುಗಟ್ಟಲೆ ತಡೆದುಕೊಂಡರೆ ನಿಂತ ಮೂತ್ರದಲ್ಲಿ ರೋಗಾಣು ಬೆಳೆಯುತ್ತವೆ. ಉರಿ, ಪದೇಪದೇ ಮೂತ್ರ, ಚಳಿಜ್ವರ ಇದ್ದರೆ ಮುಚ್ಚಿಡಬೇಡಿ. ಯಾವಾಗಲೂ ಮುಂದಿನಿಂದ ಹಿಂದಕ್ಕೆ ತೊಳೆಯಬೇಕೆಂದು ತಾಯಂದಿರು ಮಕ್ಕಳಿಗೆ ಕಲಿಸಬೇಕು.

ಎರಡೂ ಮೂತ್ರಪಿಂಡ ಪೂರ್ತಿ ಸೋತರೆ ಉಳಿಯುವ ದಾರಿ ಎರಡು. ಒಂದು ಡಯಾಲಿಸಿಸ್. ಯಂತ್ರದಲ್ಲಿ ಮಾಡುವುದಾದರೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ತಾಸು. ಕೇಂದ್ರ ಸರ್ಕಾರ 2016 ರಲ್ಲಿ ಆರಂಭಿಸಿದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಡಿ ಬಡವರಿಗೆ ಇದು ಉಚಿತ. ಆದರೂ ರೋಗಿಯ ದಿನಗೂಲಿ, ಜೊತೆಗೆ ಹೋಗುವವರ ಕೂಲಿ, ಬಸ್ಸಿನ ಖರ್ಚು ಯಾರು ಕೊಡುತ್ತಾರೆ? ಎರಡನೆಯದು ಕಸಿ. 1954 ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆ ಅವಳಿ ಸಹೋದರರ ನಡುವೆ ಮೂತ್ರಪಿಂಡ ಕಸಿ ಮಾಡಿ ಯಶಸ್ವಿಯಾದರು. 1990 ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ದೇಶದಲ್ಲಿ 1971 ರಲ್ಲಿ ವೆಲ್ಲೂರಿನಲ್ಲಿ ಯಶಸ್ಸು ದೊರೆಯಿತು. ಆರೋಗ್ಯವಂತರು ಒಂದೇ ಮೂತ್ರಪಿಂಡದಿಂದ ಬದುಕಬಲ್ಲರು. ಆದರೆ 1994 ರ ಕಾನೂನಿನ ಪ್ರಕಾರ ಅಂಗ ಮಾರುವುದೂ ಕೊಳ್ಳುವುದೂ ಅಪರಾಧ. ದಾನ ಮಾತ್ರ ಮಾಡಬಹುದು.

ಡಯಾಲಿಸಿಸ್ ಯಂತ್ರಕ್ಕಿಂತ ಶಾಲೆಯ ಬಾಗಿಲಿಗೆ ಹಾಕುವ ಚಿಲಕ ಅಗ್ಗ. ಬಿ.ಪಿ. ಅಳೆಯಲು ಐದು ನಿಮಿಷ ಸಾಕು. ಆದ್ದರಿಂದ ಸಂಘ-ಸಂಸ್ಥೆಗಳನ್ನು ನಡೆಸುವವರಲ್ಲಿ ನನ್ನ ವಿನಂತಿ: ನಿಮ್ಮ ಊರಿನ ಶಾಲೆಯ ಶೌಚಾಲಯವನ್ನು ಒಮ್ಮೆ ಒಳಗೆ ಹೋಗಿ ನೋಡಿ. ನೀರು, ಬೆಳಕು, ಚಿಲಕ ಇವೆಯೆ ಎಂದು ಪರೀಕ್ಷಿಸಿ. ವಿದ್ಯಾರ್ಥಿಗಳೆ, ನಿಮಗೆ ಒಂದೇ ಮನೆಗೆಲಸ: ಇಂದು ರಾತ್ರಿ ಅಪ್ಪ-ಅವ್ವನನ್ನು ಕೇಳಿ, ಬಿ.ಪಿ., ಸಕ್ಕರೆ ಪರೀಕ್ಷೆ ಮಾಡಿಸಿ ಎಷ್ಟು ವರ್ಷವಾಯಿತು? ಉತ್ತರ ಬರದಿದ್ದರೆ ಈ ವಾರವೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.