ಅಜ್ಜಿಯ ಸಾಲಿಗ್ರಾಮ, ಚಿಕ್ಕಪ್ಪನ ಸಾಲಿಗ್ರಾಮ: ಕಲ್ಲೊಳಗಿನ ಚಿಪ್ಪು ಗುರುತಿಸೋದು ಹೇಗೆ?

ದಾವಣಗೆರೆಯ ಕೆ.ಬಿ. ಬಡಾವಣೆಯಿಂದ ಮಾತಾಡ್ತಿದ್ದೀನಿ. ನಾನು ಓದಿದ್ದು ಬಿ.ಕಾಂ. ಆದ್ರೂ ಇವತ್ತಿನ ಮಾತು ಕಲ್ಲಿನ ಬಗ್ಗೆ.

ಅಜ್ಜಿ ತೀರಿಕೊಂಡ ಮೇಲೆ ಅವರ ಸಾಲಿಗ್ರಾಮ ನಮ್ಮ ಮನೆಗೆ ಬಂತು. ಹರಿಹರದಲ್ಲಿರೋ ಚಿಕ್ಕಪ್ಪ ತಮಗೂ ಒಂದಿರಲಿ ಅಂತ ಆನ್‌ಲೈನ್‌ನಲ್ಲಿ 2,500 ರೂಪಾಯಿ ಕೊಟ್ಟು ತರಿಸಿದ್ರು. ಎರಡು ತಿಂಗಳು ಪೂಜೆ ಮಾಡಿದ ಮೇಲೆ ಯಾರೋ ಅನುಮಾನ ಹುಟ್ಟಿಸಿದ್ರು. "ಇದು ನಿಜದ್ದಾ ಅಂತ ನೋಡಿ ಹೇಳೋ" ಅಂತ ನನ್ನ ಕೈಗಿಟ್ರು.

ಸಾಲಿಗ್ರಾಮ ಸಿಗೋದು ನೇಪಾಳದ ಕಾಳಿ ಗಂಡಕಿ ನದಿಯಲ್ಲಿ. ಅದರೊಳಗಿನ ಚಕ್ರ ಅಂದ್ರೆ ಅಮೊನೈಟ್ ಅನ್ನೋ ಸಮುದ್ರಜೀವಿಯ ಚಿಪ್ಪು, ಇಲ್ಲವೇ ಅದರ ಅಚ್ಚು. ಸುಮಾರು 15 ಕೋಟಿ ವರ್ಷದ ಹಿಂದೆ ಅಲ್ಲಿ ಹಿಮಾಲಯ ಇರಲಿಲ್ಲ, ಟೆಥಿಸ್ ಸಮುದ್ರ ಇತ್ತು. ಸತ್ತ ಜೀವಿ ತಳದ ಕೆಸರಿಗೆ ಬಿತ್ತು. ಕೆಸರು ಪದರ ಪದರವಾಗಿ ಕೂತು ಕಪ್ಪು ಕಲ್ಲಾಯ್ತು. ಆಮೇಲೆ ಭಾರತದ ಭೂಭಾಗ ಉತ್ತರಕ್ಕೆ ಸರಿದು ಏಷ್ಯಾಕ್ಕೆ ಗುದ್ದಿದಾಗ ಆ ಸಮುದ್ರದ ತಳವೇ ಬೆಟ್ಟವಾಗಿ ಎದ್ದಿತು. ವಜ್ರಕೀಟ ಕೊರೆದ ಚಕ್ರ ಅಂತ ಅಜ್ಜಿ ಹೇಳೋರು. ಹುಳ ಕೊರೆದದ್ದಲ್ಲ, ಆದ್ರೆ ಅಲ್ಲೊಂದು ಜೀವ ಇತ್ತು ಅನ್ನೋದು ನಿಜ.

ಗುರುತು ಹಿಡಿಯೋಕೆ ಟಾರ್ಚ್ ಬೆಳಕನ್ನ ಓರೆಯಾಗಿ ಬಿಡಿ. ಜೀವಿ ಬೆಳೆದ ಹಾಗೆ ಚಿಪ್ಪೂ ಬೆಳೆದಿರುತ್ತೆ. ಅದಕ್ಕೇ ಸುರುಳಿ ನಡುವಿನಿಂದ ಹೊರಗೆ ಬರ್ತಾ ದಪ್ಪ ಆಗುತ್ತೆ. ಎಷ್ಟೋ ಚಿಪ್ಪುಗಳಲ್ಲಿ ಅಡ್ಡಗೆರೆಗಳೂ ಇರ್ತವೆ. ಒಡೆದ ಅಂಚಿದ್ರೆ ಒಳಗೆ ಸಣ್ಣ ಸಣ್ಣ ಕೋಣೆಗಳ ಗೋಡೆ ಕಾಣಬಹುದು. ಕೆತ್ತಿದ ಕಲ್ಲಲ್ಲಿ ಗೆರೆ ಎಲ್ಲಾ ಕಡೆ ಒಂದೇ ಅಗಲ, ಒಂದೇ ಆಳ. ಉಳಿಯ ಗೀರೂ ಸಿಗಬಹುದು. ಬಾಯಿ ತೆರೆಯದ ಉಂಡೆ ಕಲ್ಲಾದ್ರೆ ಹೊರಗಿನಿಂದ ನೋಡಿ ತೀರ್ಪು ಕೊಡಬೇಡಿ.

ನಿಂಬೆರಸ ಹಾಕಿ ನೋಡು ಅಂದವರೂ ಇದ್ರು. ದಯವಿಟ್ಟು ಬೇಡ. ಹುಳಿ ಬಿದ್ದು ನೊರೆ ಬಂದ್ರೆ ಕಲ್ಲಲ್ಲಿ ಸುಣ್ಣ ಇದೆ ಅಂತ ಗೊತ್ತಾಗುತ್ತೆ, ಅಷ್ಟೇ. ಚಿಪ್ಪಿನ ಸುಣ್ಣ ಉಳಿದಿದ್ರೆ ಅದೂ ಕರಗುತ್ತೆ.

ಚಿಕ್ಕಪ್ಪನ ಮನೆ ನೆಲಕ್ಕೆ ಹಾಸಿರೋ ಶಹಾಬಾದ್ ಕಲ್ಲನ್ನೇ ತಗೊಳ್ಳಿ. ಅದೂ ಸುಣ್ಣದ ಕಲ್ಲು, ಕಲಬುರಗಿ ಕಡೆ ಇದ್ದ ಹಳೇ ಸಮುದ್ರದ ಕೆಸರು. ಆದ್ರೆ ಅದರಲ್ಲಿ ಚಿಪ್ಪು ಹುಡುಕಿದ್ರೂ ಸಿಗಲ್ಲ. ಚಿಪ್ಪಿರೋ ಪ್ರಾಣಿಗಳು ಭೂಮಿಗೆ ಬಂದಿದ್ದು ಸುಮಾರು 54 ಕೋಟಿ ವರ್ಷದ ಈಚೆಗೆ. ಈ ಕಲ್ಲು ಅದಕ್ಕೂ ಹಳೇದು. ಇಂಥ ಕಲ್ಲಿನ ಮೇಲೆ ಜರೀಗಿಡದ ಹಾಗೆ ಕಪ್ಪು ಚಿತ್ತಾರ ಕಂಡ್ರೆ ಅದು ಗಿಡವೂ ಅಲ್ಲ, ಮ್ಯಾಂಗನೀಸ್ ಹರಡಿದ ಗುರುತು.

ಸರಿ, ಎರಡೂ ಸಾಲಿಗ್ರಾಮ ಪಕ್ಕಪಕ್ಕ ಇಟ್ಟೆ. ಅಜ್ಜಿಯದರಲ್ಲಿ ಸುರುಳಿ ಬೆಳೀತಾ ಹೋಗಿತ್ತು. ಇನ್ನೊಂದರಲ್ಲಿ ಗೆರೆ ಸ್ಕೇಲ್ ಇಟ್ಟಂಗೆ ಸಮ. "ಚಿಕ್ಕಪ್ಪ, ಇದು ಕೆತ್ತಿದ್ದು ಅನ್ಸುತ್ತೆ" ಅಂದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. "ಎರಡು ತಿಂಗಳು ಹಾಲೆರೆದಿದ್ದೀನಲ್ಲೋ, ಹೊರಗೆ ಹೇಗೆ ಹಾಕಲಿ?" ಅಂದ್ರು.

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಅಪ್ಪ ಹೇಳಿದ್ರು: "ಅದೂ ಇರಲಿ. ಅಮ್ಮನದು ಆರು ತಿಂಗಳು ನಿನ್ನ ಹತ್ರ, ಆರು ತಿಂಗಳು ನಮ್ಮ ಹತ್ರ." ಈಗ ಅಜ್ಜಿಯ ಕಲ್ಲು ಹರಿಹರದಲ್ಲಿದೆ.

ನಿಮ್ಮ ಮನೇಲೂ ಇದ್ರೆ ಒಮ್ಮೆ ಟಾರ್ಚ್ ಹಿಡಿದು ನೋಡಿ. ಮುಂದಿನ ವಾರ ಸಿಗೋಣ.