ಎರಿ ಹೊಲದ ಯೂರಿಯೇಸ್

ಮಳೆ ಬಿಡುವು ಕೊಟ್ಟೊಡನೆ ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಹೊಲಗಳಲ್ಲಿ ಗೋವಿನಜೋಳಕ್ಕೆ ಯೂರಿಯಾ ಉಗ್ಗುವ ಗಡಿಬಿಡಿ. 45 ಕಿಲೋ ಚೀಲದಲ್ಲಿ ಸಾರಜನಕ ಶೇ. 46, ಅಂದರೆ 20 ಕಿಲೋಗಿಂತ ತುಸು ಹೆಚ್ಚು. ಬಿಳಿ ಹರಳು ಹಸಿ ಮಣ್ಣಿನಲ್ಲಿ ಕರಗಿದಾಗ ಬೇರಿಗಿಂತ ಮೊದಲು ಅದಕ್ಕೆ ಎದುರಾಗುವುದು ಯೂರಿಯೇಸ್ ಎಂಬ ಕಿಣ್ವ.

ಯೂರಿಯಾ ಒಂದು ಅಮೈಡ್. ನಡುವೆ ಇಂಗಾಲ, ಎರಡೂ ಬದಿಗೆ ಸಾರಜನಕ. ಈ ಬಂಧ ಬರೀ ನೀರಿಗೆ ಬಗ್ಗುವುದಿಲ್ಲ, ವರ್ಷಗಟ್ಟಲೆ ತಡೆದುಕೊಳ್ಳುತ್ತದೆ. ಯೂರಿಯೇಸ್ ತನ್ನಲ್ಲಿರುವ ನಿಕಲ್ ಪರಮಾಣುಗಳ ನೆರವಿನಿಂದ ನೀರನ್ನೇ ಹಚ್ಚಿ ಅದನ್ನು ಕ್ಷಣಾರ್ಧದಲ್ಲಿ ಬಿಡಿಸುತ್ತದೆ. ಹೊರಬರುವುದು ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್. ನಸುಕಿನಲ್ಲಿ ದನದ ಕೊಟ್ಟಿಗೆಯ ಬಾಗಿಲು ತೆರೆದಾಗ ಮೂಗಿಗೆ ಅಡರುವ ಘಾಟು ಇದೇ ಅಮೋನಿಯಾ. ಗಂಜಲದ ಯೂರಿಯಾವನ್ನು ಸಗಣಿಯ ಸೂಕ್ಷ್ಮಜೀವಿಗಳು ರಾತ್ರಿಯಿಡೀ ಒಡೆದಿರುತ್ತವೆ.

ವಿಜ್ಞಾನದ ಚರಿತ್ರೆಯಲ್ಲಿ ಈ ಕಿಣ್ವದ ಸ್ಥಾನ ದೊಡ್ಡದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಸಮ್ನರ್ 1926ರಲ್ಲಿ ಜ್ಯಾಕ್ ಬೀನ್ ಎಂಬ ಕಾಳಿನ ಹಿಟ್ಟಿನಿಂದ ಅದರ ಹರಳುಗಳನ್ನು ಪಡೆದರು. ಕಿಣ್ವವೊಂದು ಹರಳಾಗಿ ಸಿಕ್ಕಿದ್ದು ಅದೇ ಮೊದಲು. ಕಿಣ್ವವೆಂದರೆ ಪ್ರೋಟೀನ್ ಎಂದು ಅವರು ಹೇಳಿದಾಗ ಘಟಾನುಘಟಿಗಳೇ ಒಪ್ಪಲಿಲ್ಲ. ಎಡಗೈ ರೂಢಿಯ ಸಮ್ನರ್ 17ನೇ ವಯಸ್ಸಿನಲ್ಲಿ ಬೇಟೆಯ ಅವಘಡದಲ್ಲಿ ಆ ಕೈಯನ್ನೇ ಕಳೆದುಕೊಂಡಿದ್ದವರು. ಒಂಟಿ ಕೈಯಲ್ಲಿ ಮಾಡಿದ ಆ ಕೆಲಸಕ್ಕೆ ನೊಬೆಲ್ ಬಂದದ್ದು 1946ರಲ್ಲಿ.

ಕಲಘಟಗಿ, ಕುಂದಗೋಳದ ರೈತರು ಬೆಳೆಯುವ ಸೋಯಾ ಅವರೆಯಲ್ಲೂ ಯೂರಿಯೇಸ್ ಹೇರಳ. ಹಾಲಿಗೆ ಯೂರಿಯಾ ಬೆರೆಸಿದ್ದಾರೆಯೇ ಎಂದು ನೋಡಲು ಇದೇ ಸಾಕು. ಐದು ಮಿಲಿಲೀಟರ್ ಹಾಲಿಗೆ ಅರ್ಧ ಚಮಚ ಸೋಯಾ ಅಥವಾ ತೊಗರಿ ಪುಡಿ ಹಾಕಿ ಅಲುಗಾಡಿಸಿ, ಐದು ನಿಮಿಷ ಬಿಟ್ಟು ಕೆಂಪು ಲಿಟ್ಮಸ್ ಕಾಗದ ಅದ್ದಬೇಕು. ಕಾಗದ ನೀಲಿಗೆ ತಿರುಗಿದರೆ ಕಲಬೆರಕೆ ಬಯಲು. ಹಳ್ಳಿಯ ಪ್ರತಿ ಶಾಲೆಯಲ್ಲೂ ಮಕ್ಕಳ ಕೈಯಿಂದ ಇದನ್ನು ಮಾಡಿಸಬೇಕು.

ಹೊಲದಲ್ಲಿ ಮಾತ್ರ ಈ ಕಿಣ್ವದ ಚುರುಕುತನ ರೈತನಿಗೆ ನಷ್ಟವನ್ನೂ ತರುತ್ತದೆ. ಎರಿ ಮಣ್ಣಿನಲ್ಲಿ ಸುಣ್ಣದಂಶವಿದೆ, ಕ್ಷಾರ ಗುಣ ಹೆಚ್ಚು. ಇಂಥ ಮಣ್ಣಿನ ಮೇಲೆಯೇ ಯೂರಿಯಾ ಒಡೆದರೆ ಅಮೋನಿಯಾ ಅನಿಲವಾಗಿ ಗಾಳಿ ಸೇರುತ್ತದೆ. ಬಿಸಿಲು, ಗಾಳಿ ಜೋರಿದ್ದಷ್ಟೂ ನಷ್ಟ ಹೆಚ್ಚು. 2015ರಿಂದ ದೇಶದ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಕಡ್ಡಾಯವಾಗಿದೆಯಲ್ಲ ಎಂದು ಕೇಳುವವರುಂಟು. ಆ ಲೇಪ ಮುಖ್ಯವಾಗಿ ತಡೆಯುವುದು ಮುಂದಿನ ಹಂತವನ್ನು, ಅಂದರೆ ಅಮೋನಿಯಾದಿಂದಾದ ಅಮೋನಿಯಂ ಮುಂದೆ ನೈಟ್ರೇಟ್ ಆಗಿ ಬದಲಾಗುವುದನ್ನು. ಯೂರಿಯೇಸ್ ಅದಕ್ಕೆ ಅಷ್ಟಾಗಿ ಜಗ್ಗುವುದಿಲ್ಲ.

ಪಾಳಿ ಹಚ್ಚಿ ತಂದ ಗೊಬ್ಬರ ಹೀಗೆ ಗಾಳಿಪಾಲಾಗುವುದು ಸಂಕಟದ ಸಂಗತಿ. ಉಗ್ಗಿದ ದಿನವೇ ಎಡೆ ಹೊಡೆದು ಹರಳನ್ನು ಮಣ್ಣಿನೊಳಗೆ ಮುಚ್ಚಿದರೆ, ಕಿಣ್ವ ಬಿಡಿಸಿದ ಅಮೋನಿಯಾ ಅಮೋನಿಯಂ ರೂಪದಲ್ಲಿ ಜಿಗುಟು ಮಣ್ಣಿಗೆ ಅಂಟಿಕೊಂಡು ಬೇರಿಗೆ ಸಿಗುತ್ತದೆ.