ನೆಲದಡಿಯ ವಿಷಕ್ಕೆ ಮೊದಲು ನಕ್ಷೆ ಬೇಕು



ಭೋಪಾಲ್ ಎಂದ ಕೂಡಲೇ ನೆನಪಾಗುವುದು 1984ರ ಡಿಸೆಂಬರ್ 2ರ ರಾತ್ರಿ. ಅಂದು ವಿಷಾನಿಲ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಅದೇ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಇನ್ನೊಂದು ವಿಷ ಸದ್ದಿಲ್ಲದೆ ನೆಲಕ್ಕಿಳಿದಿತ್ತು. ದುರಂತಕ್ಕೂ ಮೊದಲೇ ರಾಸಾಯನಿಕ ತ್ಯಾಜ್ಯವನ್ನು ಆವರಣದೊಳಗೆ ಸುರಿಯುತ್ತಿದ್ದರು. 1977ರಲ್ಲಿ ಉತ್ತರಕ್ಕೆ ದೊಡ್ಡ ಹೊಂಡಗಳನ್ನು ಮಾಡಿ, ತ್ಯಾಜ್ಯದ ನೀರನ್ನು ಬಿಸಿಲಿಗೆ ಒಣಗಲು ಬಿಟ್ಟರು. ಸುತ್ತಲಿನ ಬಸ್ತಿಗಳ ಕೈಪಂಪಿನ ನೀರು ಕೆಟ್ಟಿತು. ಆ ಜನರಿಗೆ ಶುದ್ಧ ನೀರು ಕೊಡಿ ಎಂದು 2004ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

2025ರ ಜನವರಿಯಲ್ಲಿ ಅಲ್ಲಿಂದ 337 ಟನ್ ತ್ಯಾಜ್ಯವನ್ನು ಪೀಥಂಪುರಕ್ಕೆ ಸಾಗಿಸಿದರು. ಜೂನ್ ಮುಗಿಯುವಷ್ಟರಲ್ಲಿ ಸುಟ್ಟದ್ದೂ ಆಯಿತು. ‘ಸದ್ಯ, ಮುಗಿಯಿತಲ್ಲ’ ಎಂದಿರಾ? ಅದು ನೆಲದ ಮೇಲೆ ಕೂಡಿಟ್ಟದ್ದು ಮಾತ್ರ. ವಿಷ ತಗುಲಿದ ಮಣ್ಣೇ ಸುಮಾರು 11 ಲಕ್ಷ ಟನ್ ಎಂದು ನಾಗಪುರದ ‘ನೀರಿ’ ಸಂಶೋಧನಾ ಸಂಸ್ಥೆ 2010ರಲ್ಲಿ ಅಂದಾಜು ಮಾಡಿತ್ತು.

ನೆಲದಡಿಯದನ್ನು ತೆಗೆಯುವುದು ಹೇಗೆ? ಮೊದಲು ಅದು ಎಲ್ಲಿದೆ ಎಂದು ತಿಳಿಯಬೇಕು. ಸ್ಕ್ಯಾನ್ ನೋಡದೆ ಡಾಕ್ಟರು ಆಪರೇಷನ್‌ಗೆ ಇಳಿಯುತ್ತಾರೆಯೇ? ಇಲ್ಲೂ ಹಾಗೆಯೇ. ಎಲ್ಲೆಲ್ಲಿ ಏನೇನು ಹೂತಿದ್ದರು ಎಂದು ಹಳೆಯ ದಾಖಲೆ ನೋಡಿ, ಹಳೆಯ ಕೆಲಸಗಾರರನ್ನು ಕೇಳಿ ಗುರುತು ಮಾಡಬೇಕು. ಆಮೇಲೆ ಬೇರೆ ಬೇರೆ ಆಳಕ್ಕೆ ಪರೀಕ್ಷಾ ಬಾವಿ ಕೊರೆಯಬೇಕು. ಕನಿಷ್ಠ ಮೂರು ಬಾವಿಗಳ ನೀರಿನ ಮಟ್ಟ ಹೋಲಿಸಿದರೆ ಅಂತರ್ಜಲ ಯಾವ ಕಡೆಗೆ ಹರಿಯುತ್ತಿದೆ ಎಂಬ ಸುಳಿವು ಸಿಗುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ನೀರು ತೆಗೆದು ಪರೀಕ್ಷಿಸಬೇಕು.

ಬೇರೆ ಬೇರೆ ಆಳ ಏಕೆಂದರೆ, ಪೆಟ್ರೋಲ್ ನೀರಿನ ಮೇಲೆ ತೇಲುತ್ತದೆ. ಕ್ಲೋರಿನ್ ಕೂಡಿದ ಅನೇಕ ದ್ರಾವಕಗಳು ನೀರಿಗಿಂತ ಭಾರ. ತಳಕ್ಕಿಳಿದು ಬಂಡೆಯ ಬಿರುಕು ಸೇರುತ್ತವೆ. ಮೇಲಿನ ನೀರನ್ನಷ್ಟೇ ನೋಡಿದರೆ ವರದಿ ಶುದ್ಧ, ಬಾವಿ ಅಶುದ್ಧ!

ಇಷ್ಟಾದರೆ ನಕ್ಷೆ ಸಿದ್ಧ. ಮಣ್ಣು ಅಗೆಯಬೇಕೋ, ನೀರೆತ್ತಿ ಶುದ್ಧಿ ಮಾಡಬೇಕೋ, ನೆಲದೊಳಗೆ ಅಡ್ಡಗೋಡೆ ಕಟ್ಟಬೇಕೋ ಎಂದು ಆಗ ನಿರ್ಧರಿಸಬಹುದು. ನಕ್ಷೆಯಿಲ್ಲದೆ ತಪ್ಪು ಜಾಗದಲ್ಲಿ ಪಂಪು ಹಾಕಿದರೆ, ಚೆನ್ನಾಗಿದ್ದ ಬಾವಿಯ ಕಡೆಗೂ ನಾವೇ ವಿಷವನ್ನು ಎಳೆದುಕೊಂಡಂತೆ.

ಊರು ಬಿಟ್ಟು ಮಹಾನಗರಕ್ಕೆ ಬಂದ ನಮ್ಮಲ್ಲಿ ಅನೇಕರಿಗೆ ಬೋರ್‌ವೆಲ್, ಟ್ಯಾಂಕರುಗಳೇ ಗಂಗೆ. ಹಳೆಯ ಕಾರ್ಖಾನೆಯ ಜಾಗದಲ್ಲಿ ಮನೆ ಕೊಳ್ಳುವಾಗ ‘ಜಾಗ ಶುದ್ಧವಾಗಿದೆ’ ಎಂದವರನ್ನು ಕೇಳಿ: ಎಷ್ಟು ಬಾವಿ ಕೊರೆದಿರಿ? ಎಷ್ಟು ಆಳಕ್ಕೆ? ಯಾವ ತಿಂಗಳಲ್ಲಿ? ಇನ್ನೊಂದು ಮಾತು, ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ಸೀಸ-ಪಾದರಸದಂಥ ಲೋಹಗಳು ಹೋಗುವುದಿಲ್ಲ. ಅನುಮಾನವಿದ್ದರೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ.